ರಜೆ ಕೊಟ್ಟಾಯ್ತು, ರಸ್ತೆ?

ಬಂತು ನೋಡಿ ಮತ್ತದೇ ಮೆಸೇಜು. ನಾಳೆ ಕರಾವಳಿಗೆ ರೆಡ್ ಅಲರ್ಟ್, ಅಂಗನವಾಡಿಯಿಂದ ಪಿಯುವರೆಗೆ ರಜೆ. ಆದೇಶದ ಸಹಿ ಒಣಗುವ ಮೊದಲೇ ಕಾರವಾರದಿಂದ ಭಟ್ಕಳದವರೆಗಿನ ವಾಟ್ಸಾಪ್ ಗ್ರೂಪುಗಳನ್ನೆಲ್ಲ ಸುತ್ತಿ ಬಂದಾಗಿದೆ. ಒಳ್ಳೇದೇ, ಮಕ್ಕಳು ಮನೇಲಿರಲಿ. ಆದರೆ ನಮ್ಮ ವಿಪತ್ತು ನಿರ್ವಹಣೆಯಲ್ಲಿ ಮಳೆ ಜೋರಾದ ಕೂಡಲೇ ತಾನಾಗಿ ಚಾಲೂ ಆಗೋದು ಇದೊಂದೇ. ಅದೇ ಮಕ್ಕಳ ಅಪ್ಪ ನಾಳೆ ಬೆಳಿಗ್ಗೆ ರೇನ್‌ಕೋಟ್ ಹಾಕ್ಕೊಂಡು, ಕಡಿದಿಟ್ಟ ಗುಡ್ಡದ ಬುಡದಲ್ಲೇ ಅಂಕೋಲೆಯಿಂದ ಕುಮಟೆಗೆ ಡ್ಯೂಟಿಗೆ ಹೋಗ್ತಾನೆ.

ನನ್ನ ಹಳೇ ರಾಗ ಗೊತ್ತಿರುವವರು ಇಲ್ಲಿಂದಲೇ ಮುಂದೆ ಸ್ಕ್ರೋಲ್ ಮಾಡಬಹುದು, ಬೇಜಾರಿಲ್ಲ. ಗುಡ್ಡ ಜರಿಯುವ ಮೊದಲೇ, ಎಷ್ಟು ಮಿಲಿಮೀಟರ್ ಮಳೆಗೆ, ಯಾರು, ಯಾವ ರಸ್ತೆ ಮುಚ್ಚಬೇಕು? ಇಷ್ಟೇ ಪ್ರಶ್ನೆ.

ವಿಪತ್ತು ನಿರ್ವಹಣಾ ಕಾಯ್ದೆ ಇದೆ, 2005ರದ್ದು. ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲೆಯದ್ದಕ್ಕೆ ಡಿಸಿ. ಪ್ರತಿವರ್ಷ ಯೋಜನೆ ಪರಿಷ್ಕರಿಸಬೇಕು ಅಂತಲೂ ಇದೆ. ಇಂಥ ಯೋಜನೆ ಪುಸ್ತಕ ಯಾವುದೇ ತೆರೆದು ನೋಡಿ, ಅರ್ಧಕ್ಕರ್ಧ ಪಟ್ಟಿಗಳು: ಅಧಿಕಾರಿಗಳ ಫೋನ್ ನಂಬರು, ದೋಣಿ, ಜೆಸಿಬಿ, ಕಾಳಜಿ ಕೇಂದ್ರ. ಎಲ್ಲವೂ ಗುಡ್ಡ ಬಿದ್ದ ಮೇಲಿನ ಸಾಮಾನು. ಜೆಸಿಬಿ ಎಷ್ಟಿದೆ ಅಂತ ಬರೆದಿರ್ತಾರೆ, ಗುಡ್ಡ ಜರಿದಾಗ ಅದು ಮಣ್ಣಿನ ಯಾವ ಬದಿಗಿರುತ್ತೆ ಅಂತ ಬರೆದಿರಲ್ಲ. ಎರಡೂ ಬದಿಗೆ ಒಂದೊಂದು ದೊಡ್ಡ ಹಿಟಾಚಿ, ಡೀಸೆಲ್, ರಾತ್ರಿ ಫೋನ್ ಎತ್ತುವ ಆಪರೇಟರ್ ಇಲ್ಲದಿದ್ದರೆ ಆ ಪಟ್ಟಿಯಿಂದ ಏನು ಉಪಯೋಗ? ಇನ್ನು ಅಣಕು ಕಾರ್ಯಾಚರಣೆ. ಮೇ ತಿಂಗಳ ಬಿಸಿಲಲ್ಲಿ, ಬ್ಯಾನರ್ ಕಟ್ಟಿ, ಟೀ-ಬಿಸ್ಕೆಟ್ ಸಮೇತ. ನಡುರಾತ್ರಿ ಕರೆಂಟು ಹೋಗಿ, ಟವರ್ ಬ್ಯಾಟರಿ ಸತ್ತು, ನೆಟ್‌ವರ್ಕೇ ಇಲ್ಲದಾಗ ಮಾಡಿ ತೋರಿಸಿ ನೋಡೋಣ.

ರಸ್ತೆ ಮುಚ್ಚಲು ಅಧಿಕಾರ ಇಲ್ಲ ಅನ್ನೋ ಹಾಗೂ ಇಲ್ಲ. ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ವಿಪತ್ತಿನ ಭೀತಿ ಎದುರಾದಾಗಲೇ ಜಿಲ್ಲಾ ಪ್ರಾಧಿಕಾರ ವಾಹನ ಸಂಚಾರ ತಡೆಯಬಹುದು. ಬಿದ್ದ ಮೇಲೇ ತಡೀಬೇಕು ಅಂತ ಎಲ್ಲೂ ಬರೆದಿಲ್ಲ.

ಹಾಗಾದ್ರೆ ಎಷ್ಟು ಮಳೆಗೆ? ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ ಅನ್ನುತ್ತೆ. ಅದು ಆಕಾಶದ ಲೆಕ್ಕ. ಗುಡ್ಡದ ಲೆಕ್ಕ ಬೇರೆ. ನಮ್ಮಲ್ಲಿ ಮೇಲೆ ಚಿರೆಕಲ್ಲು, ಅಂದ್ರೆ ಕೆಂಪು ಜಂಬಿಟ್ಟಿಗೆ; ಅದರಡಿ ಶೇಡಿ ಮಣ್ಣು, ಅಂದ್ರೆ ಮೆತ್ತನೆ ಜೇಡಿ. ನೀರು ಚಿರೆಕಲ್ಲಿನ ತೂತುಗಳಲ್ಲಿ ಸಲೀಸಾಗಿ ಇಳಿದು ಶೇಡಿ ಮೇಲೆ ನಿಲ್ಲುತ್ತೆ. ಶೇಡಿ ನೆನೆದರೆ ಮುಗೀತು, ಮೇಲಿನದ್ದನ್ನು ಹಿಡಿದಿಡುವ ಕಸುವು ಅದಕ್ಕಿಲ್ಲ. ರಸ್ತೆ ಅಗಲ ಮಾಡೋಕೆ ಬುಡ ಕಡಿದು, ಮೆಟ್ಟಿಲು ಬಿಡದೆ ನೆಟ್ಟಗೆ ನಿಲ್ಲಿಸಿ, ನೆತ್ತಿ ಮೇಲೆ ಚರಂಡಿ ತೋಡದೆ ಬಿಟ್ಟರೆ ಕೇಳೋದೇ ಬೇಡ. ಹೀಗಾಗಿ ಮೃಗಶಿರಾದಲ್ಲಿ ಒಂದೇ ದಿನ ಸುರಿದ 200 ಮಿ.ಮೀ.ಗಿಂತ, ಪುನರ್ವಸುವಿನಲ್ಲಿ ನಾಲ್ಕು ದಿನ ಬಿಡದೆ ಹೊಡೆದ ಮೇಲೆ ಬರುವ 100 ಮಿ.ಮೀ. ಹೆಚ್ಚು ಅಪಾಯ. ದಿನದ ಮಳೆಗೆ ಒಂದು ಅಂಕಿ, ಮೂರು ದಿನ ಕೂಡಿದ ಮಳೆಗೆ ಇನ್ನೊಂದು ಅಂಕಿ, ಎರಡೂ ಬೇಕು. ಗ್ರಾಮ ಪಂಚಾಯ್ತಿ ಮಟ್ಟದ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಹೋಗುತ್ತೆ. ಹೋಗಿ ಕೂತಿರುತ್ತೆ.

2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಜರಿದದ್ದು ನೆನಪಿದೆಯಲ್ಲ? ಗುಡ್ಡದ ಬುಡದ ಚಾ ಅಂಗಡಿ ಹತ್ತಿರ ವಾಹನ ನಿಂತಿದ್ದವು. ಮಣ್ಣು ಗಂಗಾವಳಿ ಹೊಳೆಗೆ ನುಗ್ಗಿತು, ಗ್ಯಾಸ್ ಟ್ಯಾಂಕರ್ ಹೊಳೆ ಪಾಲಾಯ್ತು, ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಗೋವಾದಿಂದ ಡ್ರೆಜರ್ ತರಿಸಿ, ಮಣ್ಣಿನ ಜೊತೆ ಹೊಳೆಗೆ ಹೋಗಿದ್ದ ಲಾರಿ ಮೇಲೆತ್ತುವಾಗ ಸೆಪ್ಟೆಂಬರ್ 25. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತೆ, ಸುಳ್ಳು ಹೇಳಲ್ಲ.

ಈಗ ಕಮೆಂಟಿಗೆ ಬರ್ತೀರಿ, ಗೊತ್ತು: 'ಹೆದ್ದಾರಿ 66 ಮುಚ್ಚಿದ್ರೆ ಕರಾವಳಿಯೇ ನಿಲ್ಲುತ್ತೆ, ಮಣಿಪಾಲಕ್ಕೆ ಹೋಗೋ ಆಂಬುಲೆನ್ಸ್ ಕಥೆ ಏನು?' ಆಂಬುಲೆನ್ಸನ್ನು, ಗುಡ್ಡ ನೋಡಿಕೊಳ್ಳಲು ಒಬ್ಬನನ್ನು ನಿಲ್ಲಿಸಿ, ಒಂದೊಂದಾಗಿ ಬಿಡಿ. ಉಳಿದದ್ದು ಆರು ಗಂಟೆ ಕಾಯಲಿ. ಶಿರೂರಲ್ಲಿ ಜರಿದ ಮೇಲೆ ಅದೇ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತಲ್ಲ, ಆಗ ಕರಾವಳಿ ಎಲ್ಲಿಗೂ ಓಡಿಹೋಗಲಿಲ್ಲ.

ಅಷ್ಟಕ್ಕೂ ಪಕ್ಕದಲ್ಲೇ ರೈಲು ಓಡ್ತಿದೆ, ಅದೇ ಗುಡ್ಡ, ಅದೇ ಮಳೆ. 2003ರ ಜೂನ್ 22ಕ್ಕೆ ಕಾರವಾರದಿಂದ ಮುಂಬೈಗೆ ಹೊರಟ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ, ಹಳಿಗೆ ಬಿದ್ದ ಬಂಡೆಗಳಿಂದಾಗಿ ಉರುಳಿತು, 50ಕ್ಕೂ ಹೆಚ್ಚು ಜನ ಸತ್ತರು. ಈಗ ಕೊಂಕಣ ರೈಲ್ವೆಗೆ ಮಳೆಗಾಲದ್ದೇ ಬೇರೆ ವೇಳಾಪಟ್ಟಿ. ಮಳೆಗೆ ಎದುರು ಕಾಣದಾದರೆ ಗಂಟೆಗೆ 40 ಕಿ.ಮೀ. ಮೀರಬೇಡಿ ಅಂತ ಚಾಲಕರಿಗೆ ಮೊದಲೇ ಸೂಚನೆ. ಕಡಿದ ಗುಡ್ಡಗಳ ಹತ್ತಿರ ಹಗಲು-ರಾತ್ರಿ ಗಸ್ತು. ರೈಲು ತಡವಾದರೆ ಪ್ರಯಾಣಿಕ ನಾಲ್ಕು ಬೈಗುಳ ಬೈದು ಮಲಗ್ತಾನೆ. ರೈಲಿಗೆ ಸಾಧ್ಯವಾದದ್ದು ಲಾರಿಗೆ ಯಾಕಿಲ್ಲ?

ದುಡ್ಡಿಲ್ಲ ಅನ್ನಬೇಡಿ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯ ಪ್ರತಿ 100 ರೂಪಾಯಿಯಲ್ಲಿ 20ನ್ನು ಅಪಾಯ ತಗ್ಗಿಸಲಿಕ್ಕೆ, 10ನ್ನು ಸಿದ್ಧತೆಗೆ ಅಂತಲೇ ಎತ್ತಿಟ್ಟಿತ್ತು. ಗುಡ್ಡದ ನೆತ್ತಿಗೊಂದು ಮಳೆಮಾಪಕ, ಕೆಳಗೊಂದು ಸೈರನ್, ರಸ್ತೆಗೆರಡು ಗೇಟು, ಇದರಲ್ಲಿ ಯಾವುದೂ ರಾಕೆಟ್ ಅಲ್ಲ ಮಾರಾಯ್ರೆ.

ಜೂನ್ ಒಂದಕ್ಕೇ ಆದೇಶ ಬರೆದಿಟ್ಟಿರಬೇಕು, ತಾರೀಖು-ಸಹಿ ಮಾತ್ರ ಖಾಲಿ. ಅಂಕಿ ದಾಟಿದ ಕೂಡಲೇ ಗೇಟು ಹಾಕುವ ಅಧಿಕಾರ ಸ್ಥಳದ ಪೊಲೀಸ್ ಠಾಣೆಗೇ ಇರಲಿ, ಬೆಂಗಳೂರಿಗೆ ಫೋನ್ ಮಾಡಿಕೊಂಡು ಕೂರೋದು ಬೇಡ. ಎರಡೂ ಬದಿಗೆ ಗುಡ್ಡದಿಂದ, ಹೊಳೆಯಿಂದ ದೂರ ಲಾರಿ ನಿಲ್ಲುವ ಬಯಲು, ನಲ್ಲಿ, ಕಕ್ಕಸು, ಚಾ. ಗ್ಯಾಸ್ ಟ್ಯಾಂಕರುಗಳಿಗೆ ಬೇರೆ ಜಾಗ. ಗೇಟು ತೆಗೆಯೋದೂ ಮಳೆ ನಿಂತ ತಕ್ಷಣ ಅಲ್ಲ, ಬೆಳಕಲ್ಲಿ ಒಬ್ಬ ಗುಡ್ಡದ ನೆತ್ತಿ ಹತ್ತಿ ಹೊಸ ಬಿರುಕು ಇದೆಯಾ, ಬುಡದಲ್ಲಿ ಕೆಸರುನೀರಿನ ಒರತೆ ಎದ್ದಿದೆಯಾ ನೋಡಿ ಬಂದ ಮೇಲೆ.