‘ಸುಂಗಟ’ದಲ್ಲಿ ‘ಸುಂ’ ತೆಗೆದರೆ ಏನು ಉಳಿಯುತ್ತೆ?

ಮಗ ಮೂರನೇ ಕ್ಲಾಸು ಮುಗಿಸಿದರೂ ಅವನಿಗೆ ಓದಲು ಬರುತ್ತಿರಲಿಲ್ಲ. ‘ಮರ’ ಬರೆ ಅಂದರೆ ‘ವರ’ ಬರೆಯುತ್ತಿದ್ದ. ಎಲ್ಲರದ್ದೂ ಒಂದೇ ಮಾತು: “ಮನೆಯಲ್ಲಿ ಕೊಂಕಣಿ ಅಲ್ವಾ, ಕನ್ನಡ ನಿಧಾನಕ್ಕೆ ಬರುತ್ತೆ ಬಿಡಿ.” ನಮ್ಮ ಕಾರವಾರದಲ್ಲಿ ಕೊಂಕಣಿ ಮನೆಮಾತಿನ ಎಷ್ಟೋ ಮಕ್ಕಳು ಸಲೀಸಾಗಿ ಕನ್ನಡ ಓದುತ್ತಾರೆ. ಅದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ಆಮೇಲೆ ಸೋಮಾರಿ ಅಂದರು. ನಾನೂ ಬೈದೆ. ಎರಡು ಸಲ ಹೊಡೆದೆ. ಅದು ಇವತ್ತಿಗೂ ಚುಚ್ಚುತ್ತದೆ.

ನಾಲ್ಕನೇ ಕ್ಲಾಸಿಗೆ ಬಂದ ಅಕ್ಕೋರು ಪುಸ್ತಕ ತೆಗೆಸಲೇ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೊಂಕಣಿಯಲ್ಲೇ ಮಾತಿಗೆಳೆದರು. “ಸುಂಗಟ ಅಂತೀಯಲ್ಲ, ಅದರಲ್ಲಿ ‘ಸುಂ’ ತೆಗೆದರೆ ಏನು ಉಳಿಯುತ್ತೆ?” ಸುಂಗಟ ಅಂದರೆ ನಮ್ಮ ಕೊಂಕಣಿಯಲ್ಲಿ ಸಿಗಡಿ. ಸಿಗಡಿ ಅಂದರೆ ಪ್ರಾಣ ಬಿಡುವ ಹುಡುಗ ಸುಮ್ನೆ ನೋಡುತ್ತಾ ಕೂತ. ಇನ್ನೆರಡು ಪದ ಕೇಳಿದರು. ಆಗಲೂ ಹಾಗೇ. “ಇದು ಕನ್ನಡದ ತೊಂದರೆ ಅಲ್ಲ ಅಮ್ಮ,” ಅಂದರು. “ಮಾತಿನೊಳಗಿನ ಸದ್ದು ಬಿಡಿಸಿ ಹಿಡಿಯೋದು ಅವನಿಗೆ ಕಷ್ಟ. ಮನೆಮಾತಲ್ಲೂ ಹಾಗೇ ಆಗ್ತಿದೆ. ಒಮ್ಮೆ ತೋರಿಸಿ.” ತೋರಿಸಿದೆವು. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ.

ಇಂಥ ಮಕ್ಕಳ ಟೀಚರಿಗೆ ತಾಳ್ಮೆ ಇರಬೇಕು ಅಂತಾರೆ. ಹಿಂದಿನ ಟೀಚರಿಗೂ ತಾಳ್ಮೆ ಬೇಕಾದಷ್ಟಿತ್ತು. ಅದೇ ಪಾಠವನ್ನು ಹತ್ತು ಸಲ ಓದಿಸುತ್ತಿದ್ದರು. ಮಗು ಎಲ್ಲಿ ಎಡವುತ್ತಿದೆ ಅಂತ ಬಗ್ಗಿ ನೋಡಿದ್ದು ಈ ಅಕ್ಕೋರು ಒಬ್ಬರೇ.

ಅವನು ‘ಆಸ್ತಿ’ಯನ್ನು ‘ಆಸಿತ’ ಅಂತ ಓದುತ್ತಿದ್ದ. ನಮಗದು ಬರೀ ತಪ್ಪು. ಅಕ್ಕೋರು ಹೇಳಿದ ಮೇಲೆ ನಾನೂ ಆ ಪದವನ್ನು ದಿಟ್ಟಿಸಿ ನೋಡಿದೆ. ಗುಡಿಸು ಇರೋದು ‘ಸ’ಕ್ಕೆ, ತ ಒತ್ತು ಕೆಳಗೆ. ‘ಇ’ ಸದ್ದು ಕೇಳೋದು ಮಾತ್ರ ‘ತ’ ಆದ ಮೇಲೆ. ಹುಡುಗ ಕಂಡದ್ದನ್ನು ಕಂಡ ಹಾಗೇ ಓದಿದ್ದ! ಅವನಿಗೆ ಅದನ್ನು ಬಾಯಿಬಿಟ್ಟು ಹೇಳಿಕೊಟ್ಟವರೇ ಇರಲಿಲ್ಲ.

ಪರಾತದಲ್ಲಿ ಕಡಲ ಮರಳು ಹರವಿ, ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ಬರೆಸುತ್ತಿದ್ದರು. ‘ಮ’ ಗಟ್ಟಿಯಾಗುವವರೆಗೆ ‘ವ’ದ ತಂಟೆಗೇ ಹೋಗಲಿಲ್ಲ. ಪರಿಸರ ಅಧ್ಯಯನದ ಉತ್ತರ ಬಾಯಲ್ಲೇ ಕೇಳುತ್ತಿದ್ದರು, ಅದರಲ್ಲಿ ಅವನು ಯಾರಿಗೂ ಕಡಿಮೆ ಇರಲಿಲ್ಲ.

ಕಲಿಕಾ ನ್ಯೂನತೆ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಇರಲಿಲ್ಲ. 2016ರ ಕಾಯ್ದೆಯ 21 ಬಗೆಗಳಲ್ಲಿ ಅದೂ ಇದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಸಮಯ ಸಿಗುತ್ತದೆ, ಬರೆದುಕೊಡುವವರೂ ಸಿಗುತ್ತಾರೆ. ಖಂಡಿತ ಮಾಡಿಸಿ. ಆದರೆ ಹತ್ತನೇ ಕ್ಲಾಸಿನವರೆಗೆ ಕಾಯಬೇಡಿ. ವಿಶೇಷ ಅಗತ್ಯವಿರುವ ಮಕ್ಕಳಿಗೆ ನೆರವಾಗುವ ಟೀಚರು, ಅಂದರೆ ನಿಮ್ಮ ಬ್ಲಾಕಿನ ಬಿಐಇಆರ್‌ಟಿ ಯಾರು ಅಂತ ಇವತ್ತೇ ಶಾಲೆಯಲ್ಲಿ ಕೇಳಿ.

ಈ ಸಲ ಅಕ್ಕೋರಿಗೆ ಘಟ್ಟದ ಮೇಲೆ ವರ್ಗ ಆಯ್ತು. ಹೋಗುವ ಮುಂಚೆ ಮುಂದಿನ ಟೀಚರಿಗೆ ಅಂತ ಎರಡು ಪುಟ ಬರೆದುಕೊಟ್ಟರು. ಯಾವ ಒತ್ತು ಗಟ್ಟಿಯಾಗಿದೆ, ಯಾವುದು ಇನ್ನೂ ಇಲ್ಲ, ಎಲ್ಲ ಅದರಲ್ಲಿದೆ. ಕೊನೆಗೊಂದು ಸಾಲು: “ಎಲ್ಲರ ಮುಂದೆ ಓದಿಸುವುದಿದ್ದರೆ ಹಿಂದಿನ ದಿನವೇ ಪುಟ ಹೇಳಿಬಿಡಿ, ಮನೆಯಲ್ಲಿ ಓದಿಕೊಂಡು ಬರುತ್ತಾನೆ.” ಅದನ್ನು ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಸೋಮವಾರ ಹೊಸ ಟೀಚರ ಕೈಗೆ ಕೊಡಬೇಕು.