45 ದಿನವೂ ನೀರೊಳಗೇ ಇರುವುದಿಲ್ಲ

ಭಾರತೀಯ ನೌಕಾಪಡೆಯ ಸಿಂಧುಘೋಷ್ ದರ್ಜೆಯ ಡೀಸೆಲ್-ಎಲೆಕ್ಟ್ರಿಕ್ ಜಲಾಂತರ್ಗಾಮಿಗಳು ‘45 ದಿನ ಮುಳುಗಿಯೇ ಇರುತ್ತವೆ’ ಎಂದು ನಾನು ಓದಿದ ಲೇಖನವೊಂದರಲ್ಲಿದೆ. ಅದು ಆಹಾರ, ಇಂಧನ ಸಾಲುವ ಗಸ್ತಿನ ಒಟ್ಟು ಅವಧಿ. ಮುಳುಗಿದಾಗ ಅವನ್ನು ಓಡಿಸುವ ಬ್ಯಾಟರಿಯ ಲೆಕ್ಕವೇ ಬೇರೆ. 3 ನಾಟ್ (ಗಂಟೆಗೆ 3 ನಾಟಿಕಲ್ ಮೈಲು) ವೇಗದಲ್ಲಿ ತೆವಳಿದರೆ ಸುಮಾರು 400 ನಾಟಿಕಲ್ ಮೈಲು, ಅಂದರೆ ಐದೂವರೆ ದಿನ. ಪೂರ್ಣ ವೇಗಕ್ಕೆ ಹೋದರೆ ಗಂಟೆಯೊಳಗೆ ಬರಿದು! ಹಾಗಾಗಿ ಬ್ಯಾಟರಿ ಬರಿದಾಗುವ ಮೊದಲೇ ಮೇಲ್ಮೈಗೆ ಹತ್ತಿರದ ಪೆರಿಸ್ಕೋಪ್ ಆಳಕ್ಕೆ ಬಂದು, ಗಾಳಿ ಎಳೆಯುವ ಕೊಳವೆಯಾದ ಸ್ನಾರ್ಕೆಲ್ ಎತ್ತಿ, ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡಲೇಬೇಕು. ಶತ್ರುವಿನ ರಾಡಾರ್, ಸೋನಾರ್‌ಗೆ ಸಿಕ್ಕಿಬೀಳುವ ಅಪಾಯ ಹೆಚ್ಚುವುದು ಆಗಲೇ.

ಚಾರ್ಜಿಂಗ್ ಮುಗಿಯುತ್ತ ಬಂದಂತೆ ಸೀಸ-ಆಮ್ಲ ಸೆಲ್‌ಗಳು ಹೈಡ್ರೋಜನ್ ಹೆಚ್ಚೆಚ್ಚು ಬಿಡುತ್ತವೆ. ಗಾಳಿಯಲ್ಲಿ ಅದು 4% ಮುಟ್ಟಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಬ್ಯಾಟರಿ ಕೋಣೆಯ ಫ್ಯಾನ್ ನಿಂತರೆ ಚಾರ್ಜಿಂಗ್ ತಕ್ಷಣ ನಿಲ್ಲಬೇಕು. ಸೆಲ್‌ಗಳ ತಾಪಮಾನ, ಆಮ್ಲದ ಸಾಂದ್ರತೆ ನೋಡುತ್ತಲೇ ಇರಬೇಕು.

2017ರ ನವೆಂಬರ್‌ನಲ್ಲಿ ಅರ್ಜೆಂಟೀನಾದ ಜಲಾಂತರ್ಗಾಮಿ ಸ್ಯಾನ್ ಹುವಾನ್ ಕಳಿಸಿದ ಸಂದೇಶದಲ್ಲಿ, ವಾತಾಯನ ಕೊಳವೆಯಿಂದ ನುಗ್ಗಿದ ಸಮುದ್ರದ ನೀರು ಬ್ಯಾಟರಿಗೆ ಸೇರಿ ಶಾರ್ಟ್ ಸರ್ಕ್ಯೂಟ್ ಆಯಿತೆಂದಿತ್ತು. ಅದರಲ್ಲಿದ್ದ 44 ಜನರೂ ಸತ್ತರು. ಉಪ್ಪುನೀರು ಆಮ್ಲಕ್ಕೆ ಬೆರೆತರೆ ವಿಷಕಾರಿ ಕ್ಲೋರಿನ್ ಬೇರೆ ಹುಟ್ಟುತ್ತದೆ. ಸ್ನಾರ್ಕೆಲ್ ವಾಲ್ವಿನ ತಪಾಸಣೆ, ಬ್ಯಾಟರಿ ಕಾವಲು ಇವನ್ನೆಲ್ಲ ಲೇಖನ ‘ಮಾಮೂಲಿ ಕೆಲಸ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರ ತಂದಿತು.