ದೀಪಕ್ಕೆ 23 ನಿಮಿಷ, ಲೇಸರ್‌ಗೆ 11

ನಿನ್ನೆ ರಾತ್ರಿ ಹತ್ತೂವರೆಗೆ ಮನೆ ಸೇರಿದೆ. ಸಿಟ್ಟು ಇನ್ನೂ ಇಳಿದಿಲ್ಲ. "ಅದೇನಿದ್ದರೂ ಫೇಸ್‌ಬುಕ್ಕಿಗೆ ಬರೆದುಕೊಳ್ಳಿ, ನನ್ನ ತಲೆ ತಿನ್ನಬೇಡಿ" ಅಂತ ಹೆಂಡತಿ ಹೇಳಿ ಮಲಗಿದಳು. ಹಾಗಾಗಿ ನೀವು ಸಿಕ್ಕಿದಿರಿ.

ನಮ್ಮ ಬಿ.ಎಸ್ಸಿ. ಮಕ್ಕಳು ಹದಿನಾಲ್ಕು ಜನರನ್ನು ಕರೆದುಕೊಂಡು ಒಂದು ಕಾಲೇಜಿಗೆ ಹೋಗಿದ್ದೆ. ಯಾವ ಕಾಲೇಜು ಅಂತ ಕೇಳಬೇಡಿ. ಇನ್‌ಬಾಕ್ಸಿಗೂ ಬರಬೇಡಿ, ಹೇಳೋದಿಲ್ಲ. ಲೇಸರ್ ವಿಜ್ಞಾನ ಮತ್ತು ಫೋಟಾನಿಕ್ಸ್ (ಬೆಳಕನ್ನು ಕೆಲಸಕ್ಕೆ ಹಚ್ಚುವ ವಿದ್ಯೆ) ಬಗ್ಗೆ ಎರಡು ದಿನದ ವಿದ್ಯಾರ್ಥಿ ಸಂಶೋಧನಾ ಕಾರ್ಯಾಗಾರ. ವಿದ್ಯಾರ್ಥಿ, ಸಂಶೋಧನೆ, ಕಾರ್ಯಾಗಾರ. ಮೂರರಲ್ಲಿ ವಿದ್ಯಾರ್ಥಿಗಳು ಮಾತ್ರ ಬಂದಿದ್ದರು.

ಬೆಳಗ್ಗೆ ಐದೂವರೆಯ ಕೆಂಪು ಬಸ್ಸು. ತಿಪಟೂರು ದಾಟುವಾಗ ಸೂರ್ಯ ಹುಟ್ಟಿದ. ಹಿಂದಿನ ಸೀಟಿನಲ್ಲಿ ನಮ್ಮ ಹುಡುಗಿಯರು "ನಮಗೂ ಲೇಸರ್ ಆನ್ ಮಾಡೋಕೆ ಕೊಡ್ತಾರಾ ಸಾರ್?" ಅಂತ ಕೇಳುತ್ತಿದ್ದರು. ತಲೆಗೆ 300 ರೂಪಾಯಿ ಕಟ್ಟಿದ್ದೇವೆ, ಕೊಡದೆ ಏನು ಅಂದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದರೂ ನನಗೆ ಇಂಥ ನಂಬಿಕೆ ಹೋಗಿಲ್ಲ ನೋಡಿ.

ಹೋದ ತಕ್ಷಣ ಫೈಲು, ಪೆನ್ನು, ನೋಟ್‌ಪ್ಯಾಡು ಕೊಟ್ಟರು. ಚೌಚೌ ಬಾತ್ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಸಭಾಂಗಣ. ಹತ್ತಕ್ಕೆ ಶುರುವಾಗಬೇಕಿದ್ದದ್ದು ಹನ್ನೊಂದಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ದೀಪ.

ಈ ದೀಪದ ಕಥೆ ಹೇಳಲೇಬೇಕು. ದೀಪದಲ್ಲಿ ಐದು ಬತ್ತಿ. ವೇದಿಕೆ ಮೇಲೆ ಗಣ್ಯರು ಏಳು ಜನ. ಮೊದಲು ಗಾಳಿಗೆ ಹತ್ತಲಿಲ್ಲ, "ಫ್ಯಾನ್ ಆಫ್ ಮಾಡಿ" ಅಂತ ಮೈಕಿನಲ್ಲಿ ಕೂಗಿದರು. ಫ್ಯಾನ್ ಆಫ್ ಮಾಡೋನು ತಿಂಡಿಗೆ ಹೋಗಿದ್ದ. ಅವನು ಬಂದ. ಬತ್ತಿ ಹತ್ತಿತು. ಐದು ಜನ ಹಚ್ಚಿದ ಮೇಲೆ ಉಳಿದಿಬ್ಬರು ಮೇಣದಬತ್ತಿ ಹಿಡಿದು ಸುಮ್ನೆ ನಿಂತರು. ಕೊನೆಗೆ ಎರಡು ಬತ್ತಿ ಆರಿಸಿ ಅವರ ಕೈಯಲ್ಲಿ ಮತ್ತೆ ಹಚ್ಚಿಸಿದರು. ಫೋಟೋದವನು "ಸಾರ್, ಇನ್ನೊಂದ್ಸಲ ಈ ಕಡೆ ನೋಡಿ" ಅಂದ. ನಾನು ಗಡಿಯಾರ ನೋಡಿಕೊಂಡೇ ಇದ್ದೆ. 23 ನಿಮಿಷ. ದೀಪಕ್ಕೆ.

ನಂತರ ಸನ್ಮಾನ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಉದ್ಘಾಟಕರು ಲೇಸರ್ ಅನ್ನು ಜ್ಞಾನದ ಬೆಳಕಿಗೆ ಹೋಲಿಸಿ ಅರ್ಧ ಗಂಟೆ ಮಾತಾಡಿದರು. ಆಮೇಲೆ "ಇನ್ನೊಂದು ಕಾರ್ಯಕ್ರಮ ಇದೆ" ಅಂತ ಹೊರಟರು. ಅವರ ಹಿಂದೆ ಅರ್ಧ ವೇದಿಕೆ ಖಾಲಿ. 2023ರಲ್ಲಿ ಲೇಸರ್ ವಿಜ್ಞಾನಿ ಆನ್ ಲುಯಿಲಿಯೇ ಅವರಿಗೆ ನೊಬೆಲ್ ಬಂದಾಗ ಆಕೆ ಸ್ವೀಡನ್ನಿನ ಲುಂಡ್‌ನಲ್ಲಿ ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ಫೋನ್ ಎತ್ತಿ ಸುದ್ದಿ ಕೇಳಿದರು, ವಾಪಸ್ ಹೋಗಿ ಪಾಠ ಮುಗಿಸಿದರು. ನಮ್ಮವರಿಗೆ ಎಷ್ಟು ಕಾರ್ಯಕ್ರಮವೋ ಪಾಪ.

ಊಟದ ಮೇಲೆ ಪ್ರಧಾನ ಉಪನ್ಯಾಸ. ಮಾತಾಡಿದವರು ತಿಳಿದವರೇ, ಸುಳ್ಳು ಹೇಳಬಾರದು. ಆದರೆ 96 ಸ್ಲೈಡು. 1917ರಲ್ಲಿ ಐನ್‌ಸ್ಟೈನ್, 1958ರಲ್ಲಿ ಟೌನ್ಸ್ ಮತ್ತು ಶಾಲೋ, 1960ರ ಮೇ 16ಕ್ಕೆ ಮೊದಲ ಲೇಸರ್ ಬೆಳಗಿಸಿದ ಮೈಮನ್, ಕೆಂಪು ಮಾಣಿಕ್ಯ, ಬೆಳಕಿನ ಅಲೆಯ ಉದ್ದ 694.3 ನ್ಯಾನೊಮೀಟರ್. ಎಲ್ಲ ಸರಿ. ಮೈಮನ್ ತನ್ನ ಮಾಣಿಕ್ಯದ ಸುತ್ತ ಇಟ್ಟಿದ್ದು ಫೋಟೋಗ್ರಾಫರ್‌ಗಳಿಗೆ ಅಂತ ಅಂಗಡಿಯಲ್ಲಿ ಸಿಗುವ ಫ್ಲಾಷ್ ದೀಪ. ಅಂಗಡಿ ಮಾಲು! ಈ ಒಂದು ಮಾತು ಹೇಳಿದ್ದರೆ ಮಕ್ಕಳ ಬೆನ್ನು ನೆಟ್ಟಗಾಗುತ್ತಿತ್ತು. ಹೇಳಲಿಲ್ಲ. ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಸ್ಲೈಡು ಬಂತು, ಒಂದು ಕ್ಲಿಕ್ಕಿನಲ್ಲಿ ಹೋಯಿತು. 2018ರ ನೊಬೆಲ್ ಆಕೆಗೆ ಬಂದದ್ದು 1985ರಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿಯಾಗಿದ್ದಾಗ ಮಾಡಿದ ಕೆಲಸಕ್ಕೆ ಕಣ್ರೀ. ಲೇಸರ್ ಬೆಳಕಿನ ಒಂದು ಪುಟ್ಟ ಮಿಡಿತವನ್ನು 1.4 ಕಿಲೋಮೀಟರ್ ಫೈಬರ್ (ಗಾಜಿನ ಎಳೆ) ಒಳಗೆ ಓಡಿಸಿ ಹಿಗ್ಗಿಸಿ, ಆಮೇಲೆ ಬಲ ಹೆಚ್ಚಿಸಿ, ಮತ್ತೆ ಕುಗ್ಗಿಸಿದ್ದು. ಆಕೆಯ ಗುರು ಜೆರಾರ್ ಮೂರೂ ಅವರ ಜತೆ. ಆದರೆ ಆ ಫೈಬರ್ ಮುಟ್ಟಿದ ಕೈ ವಿದ್ಯಾರ್ಥಿನಿಯದು. ಸಭಾಂಗಣದಲ್ಲಿ ಕೂತಿದ್ದ 120 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು. ಒಂದು ಕ್ಲಿಕ್ಕು.

ನಾಲ್ಕು ಗಂಟೆಗೆ ನಮ್ಮ ತಂಡದ ಸರದಿ ಬಂತು. ಪ್ರಯೋಗಾಲಯ. ಮೇಜಿನ ಸುತ್ತ ಹಳದಿ ರಿಬ್ಬನ್ ಕಟ್ಟಿದ್ದರು. ಆಚೆ ಕಡೆ ಹೀಲಿಯಂ-ನಿಯಾನ್ ಲೇಸರ್, ಆ ಎರಡು ಅನಿಲ ತುಂಬಿದ ಗಾಜಿನ ಟ್ಯೂಬು. ಗೋಡೆ ಮೇಲೆ ಟೊಮೆಟೊ ಬಣ್ಣದ ಚುಕ್ಕೆ. "ಇದು 632.8 ನ್ಯಾನೊಮೀಟರ್. ಮುಟ್ಟಬೇಡಿ. ಮುಂದೆ ನಡೀರಿ." ತಿರುಪತಿಯಲ್ಲಿ ಜರಗಂಡಿ ಜರಗಂಡಿ ಅಂತಾರಲ್ಲ, ಥೇಟ್ ಹಾಗೆ. ಅಲ್ಲಿ ಕೊನೆಗೆ ಲಡ್ಡು ಆದ್ರೂ ಸಿಗುತ್ತೆ. ನಮ್ಮ ಹುಡುಗನೊಬ್ಬ ಕನ್ನಡಿಯ ತಿರುಪು ತೋರಿಸಿ "ಇದನ್ನ ಒಂದ್ಸಲ ತಿರುಗಿಸಬಹುದಾ ಮೇಡಂ?" ಅಂದ. "ಅಲೈನ್‌ಮೆಂಟ್ ಹೋಗುತ್ತೆ" ಅಂದರು. ಅಲೈನ್‌ಮೆಂಟ್ ಹೋಗಬೇಕು ಕಣಮ್ಮ! ಹೋದದ್ದನ್ನು ಮತ್ತೆ ಕೂಡಿಸೋದನ್ನೇ ಪ್ರಯೋಗ ಅನ್ನೋದು. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅತಿಥಿ ನಾನು. ಅಲ್ಲಿಗೆ 11 ನಿಮಿಷ.

ಮುಟ್ಟಬೇಡಿ. ಎರಡು ದಿನದಲ್ಲಿ ಈ ಮಾತು ಎಷ್ಟು ಸಲ ಕೇಳಿದೆನೋ.

1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ (ವಸ್ತುವಿನೊಳಗೆ ಚದುರಿದ ಬೆಳಕಿನಲ್ಲಿ ಸ್ವಲ್ಪ ಬಣ್ಣ ಬದಲಾಯಿಸೋದು) ಕಂಡುಹಿಡಿದರು ಅಂತ ವರ್ಷವರ್ಷವೂ ವಿಜ್ಞಾನ ದಿನ ಮಾಡ್ತೀವಿ, ಅಲ್ವಾ? ಆ ಕೆಲಸದಲ್ಲಿ ರಾಮನ್ ಜೊತೆಗಿದ್ದವರು ಕೆ.ಎಸ್. ಕೃಷ್ಣನ್. ಕಲ್ಕತ್ತೆಯ ಲ್ಯಾಬು. ಲೇಸರ್ ಎಲ್ಲಿತ್ತು ಆಗ? ಬಿಸಿಲನ್ನು ಹಿಡಿದು ತಂದು, ಒಂದು ಫಿಲ್ಟರ್ ಮೂಲಕ ದ್ರವದೊಳಗೆ ಬಿಟ್ಟು, ಇನ್ನೊಂದು ಫಿಲ್ಟರ್ ಹಿಡಿದು ಕತ್ತಲಲ್ಲಿ ಬರೀ ಕಣ್ಣಿನಿಂದ ನೋಡಿದರು. ಕೃಷ್ಣನ್ ಅವರಿಗೆ ಯಾರಾದರೂ ರಿಬ್ಬನ್ ಕಟ್ಟಿ "ಮುಂದೆ ನಡೀರಿ" ಅಂದಿದ್ದರೆ ನಮಗೆ ಫೆಬ್ರವರಿ ಕೊನೆಯಲ್ಲಿ ಭಾಷಣ ಮಾಡೋಕೆ ಏನೂ ಇರುತ್ತಿರಲಿಲ್ಲ.

ಈಗ ನೀವು ಹೇಳ್ತೀರಿ, ಗೊತ್ತು. "ಲೇಸರ್ ಅಪಾಯ ಸಾರ್. ಮಕ್ಕಳ ಕಣ್ಣಿಗೆ ಏನಾದರೂ ಆದರೆ ಯಾರು ಹೊಣೆ?" ಅಪಾಯ ಹೌದು. ಕಣ್ಣಿನ ಮಸೂರ ಆ ಕಿರಣವನ್ನೆಲ್ಲ ಅಕ್ಷಿಪಟದ ಒಂದು ಚುಕ್ಕೆಗೆ ತಂದು ಸುರಿಯುತ್ತೆ. ಅಗ್ಗದ ಹಸಿರು ಪಾಯಿಂಟರ್‌ಗಳಂತೂ ಇನ್ನೂ ಕೆಟ್ಟವು. ಒಳಗೆ ಹುಟ್ಟೋದು ಇನ್‌ಫ್ರಾರೆಡ್, ಅದನ್ನು ಹಸಿರು ಮಾಡಿ ಹೊರಗೆ ಬಿಡ್ತಾರೆ. ಫಿಲ್ಟರ್ ಹಾಕಿಲ್ಲದಿದ್ದರೆ ಕಾಣದ ಕಿರಣವೂ ಜೊತೆಗೇ ಸೋರುತ್ತೆ. ಇದನ್ನೆಲ್ಲ ಮಕ್ಕಳಿಗೆ ಕಲಿಸಬೇಕಾದ ಜಾಗ ಯಾವುದು ಹಾಗಾದರೆ? ಕಿರಣದ ಮಟ್ಟಕ್ಕೆ ಕಣ್ಣು ತರಬೇಡ, ಉಂಗುರ ವಾಚು ಬಿಚ್ಚಿಡು, ಹೊಳೆಯುವ ವಸ್ತು ದಾರಿಯಲ್ಲಿ ಇಡಬೇಡ. ಹೇಳೋಕೆ ಐದು ನಿಮಿಷ ಸಾಕು. ಅಂದಹಾಗೆ ಬೆಳಗ್ಗೆ ಉರಿಯೋ ದೀಪದ ಪಕ್ಕ ಅರ್ಧ ಅಡಿ ದೂರದಲ್ಲಿ ಒಂದು ರೇಷ್ಮೆ ಸೀರೆಯ ಸೆರಗು ತೂಗಾಡುತ್ತಿತ್ತು. ಅದಕ್ಕೆ ಯಾರೂ ಸುರಕ್ಷತೆಯ ಪಾಠ ಮಾಡಲಿಲ್ಲ.

"ಉಪಕರಣ ದುಬಾರಿ." ಇದು ಎರಡನೇ ವಾದ. ಇದಕ್ಕೆ ಉತ್ತರ ಕೊಡುವ ಮೊದಲು ನನ್ನ ಬಂಡವಾಳವನ್ನೂ ಬಿಚ್ಚಿಡುತ್ತೇನೆ, ಇಲ್ಲಾಂದ್ರೆ ಹಳೇ ವಿದ್ಯಾರ್ಥಿಗಳು ಕಮೆಂಟಿನಲ್ಲಿ ಬಿಚ್ಚುತ್ತಾರೆ.

ನಮ್ಮ ವಿಭಾಗಕ್ಕೂ ಹಿಂದೊಮ್ಮೆ ಒಂದು ಹೀಲಿಯಂ-ನಿಯಾನ್ ಟ್ಯೂಬು ಬಂದಿತ್ತು. ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ. ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯ. ಬೀರುವಿನಲ್ಲಿ ಹತ್ತಿ ಸುತ್ತಿ ಇಟ್ಟೆ. ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರಿಗೆ ತೋರಿಸಿ ಮತ್ತೆ ಬೀಗ. ಒಬ್ಬ ಹುಡುಗ ಪ್ರಾಜೆಕ್ಟಿಗೆ ಕೇಳಿದ. "ಮುಂದಿನ ವರ್ಷ ನೋಡೋಣ" ಅಂದೆ. ಅವನಿಗೆ ಮುಂದಿನ ವರ್ಷ ಅನ್ನೋದೇ ಇರಲಿಲ್ಲ, ಕೊನೇ ಸೆಮಿಸ್ಟರು. ನನಗೂ ಗೊತ್ತಿತ್ತು. ಎಷ್ಟೋ ವರ್ಷದ ಮೇಲೆ ತೆಗೆದು ಸ್ವಿಚ್ ಹಾಕಿದರೆ ಟ್ಯೂಬು ಹತ್ತಲೇ ಇಲ್ಲ. ಅಂಟು ಹಾಕಿ ಮುಚ್ಚಿದ ಹಳೆಯ ಟ್ಯೂಬುಗಳಿಂದ ಹೀಲಿಯಂ ತಾನಾಗೇ ಸೋರಿಹೋಗುತ್ತೆ. ಉರಿಸಿದರೂ ಅಷ್ಟೆ, ಬೀಗ ಹಾಕಿದರೂ ಅಷ್ಟೆ. ಜೋಪಾನ ಮಾಡಿ ಮಾಡಿ ಕೊಂದೆ.

ಆ ಹುಡುಗ ಈಗ ಫೈಬರ್ ಕೇಬಲ್ ಜೋಡಿಸುವ ಕೆಲಸದಲ್ಲಿದ್ದಾನೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಕಂಬದ ಕೆಳಗೇ ಸಿಕ್ಕಿದ. ತಲೆ ಮೇಲೆ ಪ್ಲಾಸ್ಟಿಕ್ ಹಾಳೆ, ಮಂಡಿ ಮೇಲೆ ಪುಟ್ಟ ಯಂತ್ರ. ಎಳೆಯ ಹೊದಿಕೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿಯನ್ನು ಟಕ್ ಅಂತ ಕತ್ತರಿಸಿ, ಎರಡು ಎಳೆ ಎದುರುಬದುರು ಇಟ್ಟ. ಪರದೆಯಲ್ಲಿ ಎರಡು ತುದಿ ಕಂಬದಷ್ಟು ದಪ್ಪ ಕಾಣುತ್ತಿದ್ದವು. ಒಂದು ಕಿಡಿ, ಎರಡೂ ಒಂದಾದವು. ಬೆಳಕು ಹರಿಯುವ ಒಳಗಿನ ತಿರುಳು ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಆಮೇಲೆ ಜೇಬಿನಿಂದ ಪೆನ್ನಿನಂಥದ್ದು ತೆಗೆದು ಇನ್ನೊಂದು ಎಳೆಗೆ ಹಚ್ಚಿದ. ಎಳೆ ಮುರಿದ ಜಾಗದಲ್ಲಿ ಕೆಂಪಗೆ ಹೊಳೆಯಿತು. "ಲೇಸರ್ ಸಾರ್. ನೀವು ಕೊಡಲಿಲ್ಲ, ಕಂಪನಿಯವರು ಕೊಟ್ರು" ಅಂತ ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಕಾಫಿ ಕುಡಿಯೋಕಾಗಲಿಲ್ಲ.

ಹಾಗಾಗಿ ದುಬಾರಿ ಅನ್ನೋ ವಾದ ನನ್ನ ಹತ್ತಿರ ನಡೆಯೋದಿಲ್ಲ. ಆ ನೆಪ ನಾನೇ ಹೂಡಿ ನೋಡಿದ್ದೇನೆ.

ಎರಡನೇ ದಿನ ಮಧ್ಯಾಹ್ನ ಮತ್ತೊಂದು ಸ್ಲೈಡುಗಳ ಸುತ್ತು. ನಮ್ಮ ಮಕ್ಕಳು ಆಕಳಿಸೋಕೆ ಶುರು ಮಾಡಿದರು. ನಾನು ಒಂದು ತಪ್ಪು ಕೆಲಸ ಮಾಡಿದೆ. ಹದಿನಾಲ್ಕು ಜನರನ್ನೂ ಮೆಲ್ಲಗೆ ಎಬ್ಬಿಸಿಕೊಂಡು ಊಟದ ಹಾಲಿಗೆ ಹೋದೆ. ಹಿಂದಿನ ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ 120 ರೂಪಾಯಿಗೆ ಒಂದು ಕೆಂಪು ಪಾಯಿಂಟರ್ ಕೊಂಡಿದ್ದೆ. ಮೇಲೆ 650 ನ್ಯಾನೊಮೀಟರ್ ಅಂತ ಬರೆದಿತ್ತು.

ಮೊದಲು ಸ್ಟೀಲ್ ಲೋಟ, ತಟ್ಟೆ ಎಲ್ಲ ಆಚೆ ಇಡಿಸಿದೆ. ಬಳೆ, ವಾಚು ಬಿಚ್ಚಿಸಿದೆ. ಮೊಸರಿನ ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಪಾಯಿಂಟರ್, ಗುಂಡಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು. ಕಾರ್ಯಾಗಾರದ ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಹೆಸರಿದ್ದ ಜಾಗದಲ್ಲೇ ಒಂದು ತೂತು ಕೊರೆದೆವು (ಬೇಕಂತಲೇ). ಒಬ್ಬಳು ತನ್ನ ಜಡೆಯಿಂದ ಒಂದು ಕೂದಲು ಕಿತ್ತುಕೊಟ್ಟಳು. ತೂತಿಗೆ ಅಡ್ಡ ಎಳೆದು ಟೇಪ್ ಹಚ್ಚಿದೆವು. ಗೋಡೆಗೆ ಎಷ್ಟು ದೂರ? ನೆಲದ ಟೈಲ್ಸು ಎಣಿಸಿದರು. 60 ಸೆಂಟಿಮೀಟರಿನ ಐದು ಟೈಲ್ಸು, ಮೂರು ಮೀಟರ್.

ಕಿಟಕಿ ಮುಚ್ಚಿದೆವು. ಕ್ಲಿಪ್ಪು ಹಾಕಿದರು. ಗೋಡೆ ಮೇಲೆ ಚುಕ್ಕೆ ಹೋಗಿ ಉದ್ದಕ್ಕೆ ಒಂದು ಕೆಂಪು ಸಾಲು. ನಡುವೆ ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ "ಅಯ್ಯೋ, ಪುಸ್ತಕದಲ್ಲಿರೋದು ನಿಜವಾಗ್ಲೂ ಬರುತ್ತೆ" ಅಂದ. ನಾನು ಮೂರು ವರ್ಷ ಇವನಿಗೆ ಏನು ಪಾಠ ಮಾಡಿದೆನೋ.

ಕಪ್ಪಿನಿಂದ ಕಪ್ಪಿಗೆ ಐದು ಅಂತರ ಸ್ಕೇಲಿಟ್ಟು ಅಳೆದರು. 13 ಸೆಂಟಿಮೀಟರ್. ಒಂದಕ್ಕೆ 2.6. ಅಲೆಯ ಉದ್ದವನ್ನು ದೂರದಿಂದ ಗುಣಿಸಿ ಈ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ. 75 ಮೈಕ್ರಾನ್. ಮೊಬೈಲಿನಲ್ಲಿ ಲೆಕ್ಕ ಬಂದಾಗ ಅವಳು ತನ್ನ ಜಡೆಯನ್ನೇ ಹಿಡಿದು ನೋಡಿಕೊಂಡಳು.

ಅಷ್ಟರಲ್ಲಿ ಅಡುಗೆ ಭಟ್ಟರು ಪಾತ್ರೆ ಎತ್ತೋಕೆ ಬಂದವರು ನಿಂತೇಬಿಟ್ಟರು. "ನಂದೂ ಅಳೀರಿ ಮೇಷ್ಟ್ರೇ, ಇರೋದೇ ನಾಲ್ಕು" ಅಂತ ಕಿವಿ ಪಕ್ಕದಿಂದ ಒಂದು ಬಿಳಿ ಕೂದಲು ಕಿತ್ತರು. ಐದು ಅಂತರ 17 ಸೆಂಟಿಮೀಟರ್ ಬಂತು. 57 ಮೈಕ್ರಾನ್. ಆಗ ಬಸ್ಸಿನಲ್ಲಿ ಲೇಸರ್ ಆನ್ ಮಾಡೋಕೆ ಕೊಡ್ತಾರಾ ಅಂತ ಕೇಳಿದ್ದವಳೇ ಕೇಳಿದಳು: "ಸಾರ್, ಭಟ್ಟರ ಕೂದಲು ತೆಳ್ಳಗಿದೆ, ಆದ್ರೆ ಗೋಡೆ ಮೇಲೆ ಪಟ್ಟೆ ಜಾಸ್ತಿ ಅಗಲ ಬಂತಲ್ಲ, ಉಲ್ಟಾ ಯಾಕೆ?"

ಎರಡು ದಿನದ ಕಾರ್ಯಾಗಾರದಲ್ಲಿ ಬಂದ ಒಂದೇ ಒಂದು ಪ್ರಶ್ನೆ ಕಣ್ರೀ ಅದು. ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಅಡ್ಡಿ ಸಣ್ಣದಾದಷ್ಟೂ ಬೆಳಕು ಹೆಚ್ಚು ಅಗಲಕ್ಕೆ ಹರಡುತ್ತೆ. ಹೇಳಲಿಲ್ಲ. ಪಾಯಿಂಟರ್ ಅವಳ ಕೈಗೆ ಕೊಟ್ಟೆ. ಅವರು ಇನ್ನೂ ಆರು ಜನರ ಕೂದಲು ಕಿತ್ತರು. ಸಂಘಟಕರೊಬ್ಬರು ಹುಡುಕಿಕೊಂಡು ಬಂದು "ಸಾರ್, ಸಮಾರೋಪಕ್ಕೆ ಜನ ಕಮ್ಮಿ ಇದ್ದಾರೆ, ಬನ್ನಿ" ಅಂದರು. ಹೋದೆವು. ಪ್ರಮಾಣಪತ್ರ ಕೊಟ್ಟರು. ನನ್ನ ಇನಿಷಿಯಲ್ ತಪ್ಪಾಗಿದೆ.

ಇವತ್ತು ಬೆಳಗ್ಗೆ ಹೆಂಡತಿ ಬಟ್ಟೆ ಒಗೆಯೋಕೆ ಅಂತ ನನ್ನ ಬ್ಯಾಗು ಕೊಡವಿದಳು. ಆ ಆಮಂತ್ರಣ ಪತ್ರಿಕೆ ಕೆಳಗೆ ಬಿತ್ತು. ತೂತು, ಟೇಪು, ಅಡ್ಡಕ್ಕೆ ಒಂದು ಉದ್ದನೆಯ ಕಪ್ಪು ಕೂದಲು. ನನ್ನ ಮುಂದೆ ಹಿಡಿದಳು.

"75 ಮೈಕ್ರಾನ್" ಅಂದೆ.

"ನಾನು ಅಳತೆ ಕೇಳಲಿಲ್ಲ" ಅಂದಳು.